ಬಾಯಿಲೆಕ್ಕ ಮನೆಯಲ್ಲೇ ಮೊದಲಾಗಲಿ

ಒಂದು ಕಾಲಕ್ಕೆ ನಮ್ಮ ಹಳ್ಳಿಯ ಶಾಲೆಗಳಲ್ಲಿ ಸಂಜೆಯಾಯಿತೆಂದರೆ ಮಕ್ಕಳೆಲ್ಲರೂ ಒಕ್ಕೊರಲಿನಿಂದ ಮಗ್ಗಿ ಹೇಳುತ್ತಿದ್ದರು. ಕಾಲು, ಅರೆ, ಮುಕ್ಕಾಲರ ಮಗ್ಗಿಗಳೂ ಅವರ ನಾಲಗೆಯ ತುದಿಯಲ್ಲಿದ್ದವು. ಹದಿನಾರು ಆಣೆಗೆ ಒಂದು ರೂಪಾಯಿ ಎಂಬ ಲೆಕ್ಕಾಚಾರಕ್ಕೆ ಅವು ನಿತ್ಯವೂ ಬೇಕಾಗಿದ್ದವು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಪದ್ಧತಿ ಜಾರಿಗೆ ಬಂದ ಮೇಲೆ ಅವು ಮೆಲ್ಲನೆ ಮರೆಯಾದವು. ಈಗಂತೂ ಅಂಗಡಿಯಲ್ಲಿ ಮೊಬೈಲಿನಿಂದಲೇ ಹಣ ಸಂದಾಯವಾಗುವುದರಿಂದ ಚಿಲ್ಲರೆ ಎಣಿಸುವ ಅವಕಾಶವೂ ಮಕ್ಕಳ ಕೈತಪ್ಪುತ್ತಿದೆ.

ಇದರಿಂದಾಗುವ ನಷ್ಟ ಸಣ್ಣದಲ್ಲ. ನೊಬೆಲ್ ಪುರಸ್ಕೃತರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಅವರ ಸಂಗಡಿಗರು ಕೋಲ್ಕತ್ತ, ದೆಹಲಿಗಳಲ್ಲಿ ನಡೆಸಿದ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ಸಂತೆಯಲ್ಲಿ ದುಡಿಯುವ ಮಕ್ಕಳು ವ್ಯಾಪಾರದ ಲೆಕ್ಕವನ್ನು ಮನಸ್ಸಿನಲ್ಲೇ ಮಾಡಿದರೂ ಪಠ್ಯಪುಸ್ತಕದ ಲೆಕ್ಕದೆದುರು ತಡವರಿಸಿದರು. ಶಾಲೆಯ ಮಕ್ಕಳು ಸಂತೆಯ ಲೆಕ್ಕದಲ್ಲಿ ಸೋತರು. ಈ ಎರಡು ದಡಗಳ ನಡುವೆ ಸೇತುವೆ ಕಟ್ಟಬೇಕಾದವರು ಮನೆಯವರಾದ ನಾವೇ ಅಲ್ಲವೇ?

ಮಗ್ಗಿ ಕಂಠಪಾಠವಾಗಿರಬೇಕು, ನಿಜ. ಆದರೆ ಸಂಖ್ಯೆಯನ್ನು ಬಿಡಿಸಿ ನೋಡುವುದೇ ಬಾಯಿಲೆಕ್ಕದ ಜೀವಾಳ. ಇದಕ್ಕೆ ನಮ್ಮ ನುಡಿಯೇ ದಾರಿ ತೋರುತ್ತದೆ. ನಲವತ್ತೇಳು ಎಂದೊಡನೆ ನಲವತ್ತೂ ಏಳೂ ಬೇರೆಬೇರೆಯಾಗಿ ಕೇಳಿಸುತ್ತವೆ. 47ಕ್ಕೆ 38 ಕೂಡಿಸುವಾಗ ಮೊದಲು ಹತ್ತುಗಳನ್ನು ಕೂಡಿಸಿದರೆ 70, ಬಿಡಿಗಳನ್ನು ಕೂಡಿಸಿದರೆ 15, ಒಟ್ಟು 85. ನೂರು ರೂಪಾಯಿ ಕೊಟ್ಟು 63 ರೂಪಾಯಿಯ ಸಾಮಾನು ಕೊಂಡರೆ, ಎಪ್ಪತ್ತಕ್ಕೆ ಏಳು, ಅಲ್ಲಿಂದ ನೂರಕ್ಕೆ ಮೂವತ್ತು; ಬರಬೇಕಾದ ಚಿಲ್ಲರೆ 37. 98ನ್ನು ಆರರಿಂದ ಗುಣಿಸಬೇಕಾದರೆ 600ರಲ್ಲಿ 12 ಕಳೆದರಾಯಿತು, 588.

ತಾಯಂದಿರು ಅಡುಗೆಮನೆಯಲ್ಲಿಯೇ ಇದನ್ನು ಆರಂಭಿಸಬಹುದು. ನಾಲ್ವರಿಗೆ ಎರಡು ಪಾವು ಅಕ್ಕಿಯಾದರೆ ಹತ್ತು ಮಂದಿಗೆ ಎಷ್ಟು? ವಾರಕ್ಕೊಮ್ಮೆಯಾದರೂ ಮಗುವಿನ ಕೈಗೆ ನೋಟು ಕೊಟ್ಟು ತರಕಾರಿ ತರಿಸಿರಿ. ಬಂದ ಮೇಲೆ ಅದೇ ಲೆಕ್ಕವನ್ನು ಪಾಟಿಯ ಮೇಲೆ ಬರೆಯಿಸಿರಿ. ದಿನಕ್ಕೆ ಹತ್ತು ನಿಮಿಷ ಸಾಕು.

ಒಂದು ಮಾತನ್ನು ಮಾತ್ರ ಮರೆಯದಿರೋಣ. ಉತ್ತರ ತಪ್ಪಿದಾಗ ಗದರಿದರೆ ಮಗು ಲೆಕ್ಕವನ್ನಲ್ಲ, ಅಂಜಿಕೆಯನ್ನು ಕಲಿಯುತ್ತದೆ. ಉತ್ತರ ಸರಿಯಿರಲಿ, ತಪ್ಪಿರಲಿ, "ಇದು ಹೇಗೆ ಬಂತು, ಮಗು?" ಎಂದು ಕೇಳೋಣ. ಹೇಳುತ್ತ ಹೇಳುತ್ತ ಬಹುಪಾಲು ಮಕ್ಕಳು ತಮ್ಮ ತಪ್ಪನ್ನು ತಾವೇ ಕಂಡುಕೊಳ್ಳುತ್ತಾರೆ. ಹಾಗೆ ಕಂಡುಕೊಂಡ ಲೆಕ್ಕವನ್ನು ಅವರು ಸುಲಭವಾಗಿ ಮರೆಯುವುದಿಲ್ಲ.