ಫಿಲಿಪ್ಸ್ ಕಟ್ಟಿದ ಹಣದ ಕೆರೆ

ಕೆರೆಯ ನೀರು ಹಂಚುವವನನ್ನು ನಮ್ಮ ಕಡೆ ನೀರುಗಂಟಿ ಎನ್ನುತ್ತಾರೆ. ತೂಬು ಎಷ್ಟು ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ಎಲ್ಲವೂ ಅವನ ಲೆಕ್ಕ. ಒಂದು ದೇಶದ ಹಣಕ್ಕೂ ಹೀಗೆ ತೂಬು, ಕಾಲುವೆ, ಕೋಡಿ ಇಟ್ಟು ಕಣ್ಣಾರೆ ನೋಡುವಂತಿದ್ದರೆ? 1949ರಲ್ಲಿ, ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್ನಿನ ಒಂದು ಗ್ಯಾರೇಜಿನಲ್ಲಿ, ಬಿಲ್ ಫಿಲಿಪ್ಸ್ ಅಂಥದ್ದೊಂದನ್ನು ಕಟ್ಟಿಯೇಬಿಟ್ಟ. ಸುಮಾರು ಏಳಡಿ ಎತ್ತರದ, ಪಾರದರ್ಶಕ ಪ್ಲಾಸ್ಟಿಕ್ ತೊಟ್ಟಿ ಕೊಳವೆಗಳ ಯಂತ್ರ. ಅದರೊಳಗೆ ಬಣ್ಣ ಬೆರೆಸಿದ ನೀರು. ಆ ನೀರೇ ಬ್ರಿಟನ್ನಿನ ಹಣ.

ಯಂತ್ರಕ್ಕಿಂತ ಮೊದಲು ಈ ಮನುಷ್ಯನ ಬಗ್ಗೆ ಹೇಳಬೇಕು. ಫಿಲಿಪ್ಸ್ ಹುಟ್ಟಿದ್ದು 1914ರಲ್ಲಿ, ನ್ಯೂಜಿಲೆಂಡಿನ ಹೈನುಗಾರರ ಮನೆಯಲ್ಲಿ. ಹದಿನೈದಕ್ಕೇ ಶಾಲೆ ಬಿಟ್ಟು ಜಲವಿದ್ಯುತ್ ಕೇಂದ್ರವೊಂದರಲ್ಲಿ ಕೆಲಸ ಕಲಿಯಲು ಸೇರಿದ. ನೀರು ಮೇಲಿಂದ ಬಿದ್ದರೆ ಏನೇನು ಮಾಡಬಲ್ಲದು ಎಂಬುದನ್ನು ಆತ ಕಲಿತದ್ದು ಪುಸ್ತಕದಿಂದಲ್ಲ. ಆಮೇಲೆ ಆಸ್ಟ್ರೇಲಿಯಾದಲ್ಲಿ ಮೊಸಳೆ ಬೇಟೆಯಾಡಿದ, ಸಿನಿಮಾ ಮಂದಿರ ನಡೆಸಿದ. 1937ರಲ್ಲಿ ಚೀನಾ ಕಡೆಗೆ ಹೊರಟ. ಜಪಾನ್ ಚೀನಾದ ಮೇಲೆ ದಾಳಿ ಮಾಡಿದ್ದರಿಂದ ಸೈಬೀರಿಯಾದ ರೈಲು ಹತ್ತಿ ಲಂಡನ್ ಸೇರಿದ.

ಯುದ್ಧ ಬಂತು, ಆತನನ್ನು ಮತ್ತೆ ಪೂರ್ವಕ್ಕೆ ಒಯ್ದಿತು. 1942ರ ಫೆಬ್ರವರಿಯಲ್ಲಿ ಸಿಂಗಪುರ ಬೀಳುವ ಹೊತ್ತಿಗೆ ಜನರನ್ನು ತುಂಬಿಕೊಂಡು ಹೊರಟ ಎಂಪೈರ್ ಸ್ಟಾರ್ ಹಡಗಿನಲ್ಲಿ ಆತನಿದ್ದ. ವಿಮಾನಗಳು ಬಾಂಬು ಸುರಿಯುತ್ತಿದ್ದಾಗ ಮೆಷಿನ್‌ಗನ್ನೊಂದನ್ನು ತಾನೇ ಹೊಂದಿಸಿಕೊಂಡು ಡೆಕ್ಕಿನ ಮೇಲೆ ನಿಂತು ಹೋರಾಡಿದ. ಅದಕ್ಕೆ ಮುಂದೆ ಪದಕ ಬಂತು. ಜಾವಾದಲ್ಲಿ ಸೆರೆ ಸಿಕ್ಕು ಮೂರೂವರೆ ವರ್ಷ ಜಪಾನೀಯರ ಶಿಬಿರದಲ್ಲಿ ಕಳೆದ. ಅಲ್ಲಿ ಕದ್ದುಮುಚ್ಚಿ ರೇಡಿಯೊ ಜೋಡಿಸಿದ, ಜೊತೆಯ ಬಂದಿಗಳಿಂದ ಚೀನೀ ಭಾಷೆ ಕಲಿತ, ರಾತ್ರಿ ಒಂದು ಲೋಟ ಚಹಾ ಕಾಯಿಸಿಕೊಳ್ಳಲು ಪುಟ್ಟ ಹೀಟರುಗಳನ್ನು ಮಾಡಿಕೊಟ್ಟ. ಸಿಕ್ಕಿಬಿದ್ದಿದ್ದರೆ ತಲೆ ಹೋಗುತ್ತಿತ್ತು. ಬಂದಿಗಳ ಆ ಒಂದು ಲೋಟ ಬಿಸಿ ಚಹಾ ನನಗೆ ಆತನ ಪದವಿಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಬಿಡುಗಡೆಯ ನಂತರ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿ ಓದಿದ್ದು ಸಮಾಜಶಾಸ್ತ್ರ. ಅದರಲ್ಲಿ ಬರೀ ಪಾಸು. ಅರ್ಥಶಾಸ್ತ್ರದ ಪಾಠದಲ್ಲಿ ಆದಾಯದ 'ಹರಿವು' ಎಂಬ ಮಾತು ಕೇಳಿದಾಗ ಈ ಎಂಜಿನಿಯರನಿಗೆ ಕಂಡದ್ದು ನಿಜವಾದ ನೀರು. ಗೆಳೆಯ ವಾಲ್ಟರ್ ನ್ಯೂಲಿನ್ ನೆರವಾದ. ಲೀಡ್ಸ್ ವಿಶ್ವವಿದ್ಯಾಲಯ 100 ಪೌಂಡ್ ಕೊಟ್ಟಿತು. ಯುದ್ಧವಿಮಾನಗಳ ಗುಜರಿ ಸಾಮಾನೂ ಕೆಲಸಕ್ಕೆ ಬಂತು.

ಯಂತ್ರದ ತುದಿಯಿಂದ ದೇಶದ ಆದಾಯ ಕೆಳಗೆ ಬೀಳುತ್ತದೆ. ಮೊದಲ ಕವಲಿನಲ್ಲಿ ತೆರಿಗೆ ಸರ್ಕಾರದ ಕಡೆಗೆ ತಿರುಗುತ್ತದೆ. ಮುಂದಿನದರಲ್ಲಿ ಉಳಿತಾಯ ಒಂದು ತೊಟ್ಟಿ ಸೇರುತ್ತದೆ. ಮಿಕ್ಕದ್ದು ಜನರ ಖರ್ಚು. ಸರ್ಕಾರದ ವೆಚ್ಚ, ಉದ್ಯಮಗಳ ಹೂಡಿಕೆ, ರಫ್ತಿನ ಗಳಿಕೆ ಮತ್ತೆ ಹೊಳೆಗೆ ಕೂಡುತ್ತವೆ, ಆಮದು ಹೊರಗೆ ಹೋಗುತ್ತದೆ. ತಳಕ್ಕೆ ಬಂದದ್ದನ್ನು ಪಂಪು ಮತ್ತೆ ಮೇಲಕ್ಕೆತ್ತುತ್ತದೆ. ಉಳಿತಾಯದ ತೊಟ್ಟಿಯಲ್ಲಿ ನೀರು ಏರಿದರೆ ಬಡ್ಡಿ ಇಳಿಯುತ್ತದೆ, ಹೂಡಿಕೆಯ ತೂಬು ಅಗಲವಾಗುತ್ತದೆ. ಆ ಮಟ್ಟವನ್ನು ಹೆಚ್ಚು ಕಡಿಮೆ ಮಾಡುವುದು ಕೇಂದ್ರ ಬ್ಯಾಂಕಿನ ಕೆಲಸ. ಅದೇ ಹಣಕಾಸು ಸುದ್ದಿಗಳಲ್ಲಿ ಕೇಳುವ ವಿತ್ತೀಯ ನೀತಿ. ತೆರಿಗೆ ಮತ್ತು ವೆಚ್ಚದ ತೂಬುಗಳು ಸರ್ಕಾರದ ಕೈಯಲ್ಲಿವೆ, ಅದು ರಾಜಕೋಶ ನೀತಿ. ತೆರಿಗೆಗಿಂತ ವೆಚ್ಚ ಹೆಚ್ಚಾದರೆ ಸರ್ಕಾರ ಸಾಲಕ್ಕೆ ಅದೇ ತೊಟ್ಟಿಗೆ ಬರಬೇಕು. ಆಗ ಮಟ್ಟ ಇಳಿಯುತ್ತದೆ, ಬಡ್ಡಿ ಏರುತ್ತದೆ.

ಬಡ್ಡಿಯನ್ನು ನಿರ್ಧರಿಸುವುದು ಕೂಡಿಟ್ಟ ಹಣವೋ ಹರಿಯುವ ಹಣವೋ ಎಂದು ಅರ್ಥಶಾಸ್ತ್ರಜ್ಞರಾದ ಕೇನ್ಸ್ ಮತ್ತು ರಾಬರ್ಟ್‌ಸನ್ ಪಕ್ಷದವರು ವರ್ಷಗಟ್ಟಲೆ ವಾದಿಸಿದ್ದರು. 1949ರ ನವೆಂಬರಿನಲ್ಲಿ ಪ್ರಾಧ್ಯಾಪಕರ ಮುಂದೆ ಯಂತ್ರದಲ್ಲಿ ನೀರು ಹರಿದಾಗ ಎರಡೂ ಒಂದೇ ತೊಟ್ಟಿಯ ಮಾತು ಎಂದು ಕಣ್ಣಿಗೆ ಕಂಡಿತು.

ನನ್ನನ್ನು ಈ ಕಥೆಗೆ ಎಳೆದು ತಂದದ್ದು ಮಾತ್ರ ಜೇಮ್ಸ್ ಮೀಡ್ ಅವರ ತರಗತಿ. ಮುಂದೆ ನೊಬೆಲ್ ಪಡೆದ ಈ ಮೇಷ್ಟ್ರು ಒಬ್ಬ ವಿದ್ಯಾರ್ಥಿಗೆ ತೆರಿಗೆ, ವೆಚ್ಚದ ತೂಬು ಕೊಡುತ್ತಿದ್ದರು, ಇನ್ನೊಬ್ಬನಿಗೆ ಬ್ಯಾಂಕಿನ ತೂಬು. ಪರಸ್ಪರ ಮಾತಾಡದೆ ಆದಾಯವನ್ನು ಹೇಳಿದ ಮಟ್ಟಕ್ಕೆ ತರಬೇಕು. ತಿರುಗಿಸಿದ ತೂಬಿನ ಫಲ ತಳಕ್ಕೆ ಹೋಗಿ ಮೇಲೆ ಬರಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ತಾಳ್ಮೆಗೆಟ್ಟ ಇಬ್ಬರೂ ಮತ್ತಷ್ಟು ತಿರುಗಿಸುತ್ತಾರೆ. ನೀರು ಒಮ್ಮೆ ಉಕ್ಕುತ್ತದೆ, ಒಮ್ಮೆ ಬತ್ತುತ್ತದೆ.

ಸರ್ಕಾರ ಮತ್ತು ಬ್ಯಾಂಕಿನ ಕೈಗಳು ಹೀಗೆ ತೂಬಿನ ಮೇಲೆ ಡಿಕ್ಕಿಯಾದದ್ದು ನಮ್ಮಲ್ಲೂ ನಡೆದಿದೆ. ಅದೇ 1949ರ ಜುಲೈಯಲ್ಲಿ ನಮ್ಮ ಕರಾವಳಿ ಮೂಲದ ಬೆನಗಲ್ ರಾಮರಾವ್ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು. ಆ ಕುರ್ಚಿಯಲ್ಲಿ ಅವರಷ್ಟು ಕಾಲ ಇನ್ನಾರೂ ಕುಳಿತಿಲ್ಲ. 1956ರ ಕೊನೆಗೆ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಹುಂಡಿಗಳ (ವ್ಯಾಪಾರದ ಸಾಲಪತ್ರಗಳ) ಮೇಲಿನ ಸ್ಟಾಂಪ್ ಶುಲ್ಕ ಏರಿಸಿದರು. ಹೆಸರಿಗೆ ಅದು ತೆರಿಗೆ. ಬ್ಯಾಂಕುಗಳು ಆ ಹುಂಡಿಗಳ ಆಧಾರದ ಮೇಲೆ ರಿಸರ್ವ್ ಬ್ಯಾಂಕಿನಿಂದ ತರುವ ಸಾಲ ಅದರಿಂದ ದುಬಾರಿಯಾಯಿತು, ಅಂದರೆ ಬಡ್ಡಿಯ ತೂಬನ್ನೇ ಸರ್ಕಾರ ತಿರುಗಿಸಿದಂತಾಯಿತು. ರಾಮರಾವ್ ಪ್ರತಿಭಟಿಸಿದರು. ನೆಹರೂ ಸಚಿವರ ಪರ ನಿಂತರು. 1957ರ ಜನವರಿಯಲ್ಲಿ ಗವರ್ನರ್ ರಾಜೀನಾಮೆ ಕೊಟ್ಟರು. ಆ ಬಡ್ಡಿಯ ತೂಬನ್ನು, ಅಂದರೆ ರೆಪೋ ದರವನ್ನು, ಆರು ಜನರ ಸಮಿತಿ ನಿರ್ಧರಿಸುವ, ಹಣದುಬ್ಬರಕ್ಕೆ ಶೇ 4ರ ಗುರಿ ಇಡುವ ಈಗಿನ ವ್ಯವಸ್ಥೆ ಬಂದದ್ದು 2016ರಲ್ಲಿ.

ಫಿಲಿಪ್ಸನ ಯಂತ್ರಕ್ಕೆ ಮರಳಿದರೆ, ಅಂಥವು ಹದಿನಾಲ್ಕರಷ್ಟು ತಯಾರಾದವು. ಕಂಪ್ಯೂಟರ್ ಬಂದ ಮೇಲೆ ಅವು ಮೂಲೆ ಸೇರಿ ಸೋರಿದವು. ಫಿಲಿಪ್ಸ್ 1958ರಲ್ಲಿ ನಿರುದ್ಯೋಗ ಮತ್ತು ಕೂಲಿ ಏರಿಕೆಯ ನಂಟು ತೋರಿಸುವ ರೇಖೆಯೊಂದನ್ನು ಪ್ರಕಟಿಸಿದ. ನಮ್ಮ ಪಠ್ಯಗಳಲ್ಲಿ ಉಳಿದಿರುವುದು ಆ 'ಫಿಲಿಪ್ಸ್ ರೇಖೆ' ಒಂದೇ, ನೀರಿನ ಸುದ್ದಿ ಇಲ್ಲ. ನನಗೆ ಇದು ದೊಡ್ಡ ನಷ್ಟವೆನಿಸುತ್ತದೆ. ಆತ 1975ರಲ್ಲಿ ಆಕ್ಲೆಂಡಿನಲ್ಲಿ ತೀರಿಕೊಂಡ.

ಒಂದು ಯಂತ್ರ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ. ಕೇಂಬ್ರಿಜ್‌ನಲ್ಲಿರುವುದನ್ನು ದುರಸ್ತಿ ಮಾಡಿ ಮತ್ತೆ ಹರಿಸಿದ್ದಾರೆ. ಅಕ್ರಿಲಿಕ್ ಹಾಳೆ, ಸಣ್ಣ ಪಂಪು, ತೇಲುಬುಂಡೆ, ಬಣ್ಣ ಇವೆಲ್ಲ ನಮ್ಮ ಊರಿನ ಅಂಗಡಿಗಳಲ್ಲೇ ಸಿಗುತ್ತವೆ. ಅರ್ಥಶಾಸ್ತ್ರ ಮತ್ತು ಮೆಕ್ಯಾನಿಕಲ್ ಎರಡೂ ವಿಭಾಗವಿರುವ ಕಾಲೇಜಿನ ಮೇಷ್ಟ್ರುಗಳು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಈ ವರ್ಷವೇ ಮಕ್ಕಳ ಕೈಯಲ್ಲಿ ಒಂದನ್ನು ಕಟ್ಟಿಸಿ.