ತೊಗರಿ ನಾಡಿನಲ್ಲಿ ಅರ್ಥಶಾಸ್ತ್ರದ ಪಾಠ

2015ರ ದಸರಾ ದೀಪಾವಳಿ ಹೊತ್ತಿಗೆ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು. ದೇಶದ ಅಡುಗೆಮನೆಗಳೆಲ್ಲ ಗೊಣಗುತ್ತಿದ್ದರೆ, ಕಾಳು ಕೈಯಲ್ಲಿದ್ದ ಕಲಬುರಗಿಯ ರೈತನಿಗೆ ಅದು ಅಪರೂಪದ ಸುಗ್ಗಿ. ಮರುವರ್ಷ ಮುಂಗಾರು ಬಿದ್ದದ್ದೇ ತಡ, ಅಂದೋಲಾ, ಜೇವರ್ಗಿ, ಆಳಂದ, ಅಫಜಲಪುರದ ಎರೆಹೊಲಗಳಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ತೊಗರಿ. ಅತ್ತ ಮಹಾರಾಷ್ಟ್ರ, ತೆಲಂಗಾಣದವರೂ ಅದನ್ನೇ ಬಿತ್ತಿದರು. ದೇಶದ ಒಟ್ಟು ತೊಗರಿ ಉತ್ಪಾದನೆ ಒಂದೇ ವರ್ಷದಲ್ಲಿ ಸುಮಾರು 25 ಲಕ್ಷ ಟನ್ನಿನಿಂದ 48 ಲಕ್ಷ ಟನ್ನಿಗೆ ಏರಿತು. ರಾಶಿ ಮುಗಿದು ಚೀಲಗಳು ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಗೆ ಬರುವಷ್ಟರಲ್ಲಿ ದರ ಕುಸಿದು, ಕ್ವಿಂಟಲಿಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಹೋಗಿತ್ತು.

ಹೋದ ವರ್ಷದ ಬೆಲೆ ನೋಡಿ ಈ ವರ್ಷ ಬಿತ್ತುವುದು, ಎಲ್ಲರೂ ಬಿತ್ತಿದ್ದರಿಂದ ಬೆಲೆ ಬೀಳುವುದು, ಬಿದ್ದ ಬೆಲೆಗೆ ಹೆದರಿ ಮುಂದಿನ ವರ್ಷ ಬಿಡುವುದು, ಆಗ ಮತ್ತೆ ಬೆಲೆ ಏರುವುದು. ಈ ಸುತ್ತಾಟಕ್ಕೆ ಅರ್ಥಶಾಸ್ತ್ರದಲ್ಲಿ ಜೇಡರಬಲೆ ಸಿದ್ಧಾಂತ ಎಂದು ಹೆಸರು. ಬೇಡಿಕೆ, ಪೂರೈಕೆಯ ರೇಖೆಗಳ ನಡುವೆ ಬೆಲೆಯ ಗೆರೆ ಸುತ್ತುತ್ತ ಹೋದಾಗ ಮೂಡುವ ಚಿತ್ರದಿಂದ ಬಂದ ಹೆಸರದು. 1934ರಲ್ಲಿ ಅದನ್ನು ಇಟ್ಟವರು ನಿಕೋಲಸ್ ಕಾಲ್ಡರ್. ಪಾಶ್ಚಾತ್ಯ ಪುಸ್ತಕಗಳಲ್ಲಿ ಇದಕ್ಕೆ ಹಂದಿ ಸಾಕಣೆಯ ಉದಾಹರಣೆ ಕೊಡುವುದು ರೂಢಿ. ನಮ್ಮ ಬಿ.ಎ. ಗೈಡುಗಳಲ್ಲಿ ‘ಎಕ್ಸ್’ ಎಂಬ ಹೆಸರಿಲ್ಲದ ಒಂದು ಸರಕು ಬರುತ್ತದೆ. ಅಪ್ಪ ಗಂಜಿನಲ್ಲಿ ನಿಂತು ದರ ಬಿದ್ದದ್ದನ್ನು ನೋಡಿ ಬಂದ ವರ್ಷವೇ ಮಗ ಹತ್ತು ಅಂಕದ ಪ್ರಶ್ನೆಗೆ ಆ ಚಿತ್ರವನ್ನು ಬಾಯಿಪಾಠ ಮಾಡುತ್ತಾನೆ. ಎರಡೂ ಒಂದೇ ಕಥೆ ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ.

ತೊಗರಿಯ ಕಥೆ ಅಷ್ಟಕ್ಕೇ ನಿಲ್ಲುವುದೂ ಇಲ್ಲ. 2016ರ ಜುಲೈನಲ್ಲಿ ಭಾರತ ಸರ್ಕಾರ ಆಫ್ರಿಕಾದ ಮೊಜಾಂಬಿಕ್ ಜೊತೆ ಬೇಳೆಕಾಳು ಆಮದಿನ ಒಪ್ಪಂದ ಮಾಡಿಕೊಂಡಿತು. 2017ರಲ್ಲಿ ತೊಗರಿ ಆಮದಿಗೆ ಮಿತಿ ಹಾಕಿತು, 2021ರಲ್ಲಿ ಮತ್ತೆ ಬಾಗಿಲು ತೆರೆಯಿತು. ಅಂತರರಾಷ್ಟ್ರೀಯ ವ್ಯಾಪಾರ, ಬೆಲೆ ನೀತಿ, ನಿರೀಕ್ಷೆಗಳ ಸಿದ್ಧಾಂತ ಎಲ್ಲವೂ ಒಂದೇ ಬೆಳೆಯೊಳಗೆ ಸಿಗುತ್ತವೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ‘ಗುಲ್ಬರ್ಗಾ ತೊಗರಿ ಬೇಳೆ’ಯೊಂದನ್ನೇ ಹಿಡಿದು ಒಂದು ಸೆಮಿಸ್ಟರ್ ಪೂರ್ತಿ ಪಾಠ ಮಾಡಬಹುದು.

ಸೋಜಿಗವೆಂದರೆ, ಈ ಒಣಬೇಸಾಯದ ಸೀಮೆಯಿಂದ ಜಗತ್ತಿನ ಅರ್ಥಶಾಸ್ತ್ರಜ್ಞರು ಸಾಕಷ್ಟು ಕಲಿತಿದ್ದಾರೆ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆ 1975ರಲ್ಲಿ ಕೆಲವು ಹಳ್ಳಿಗಳನ್ನು ಆರಿಸಿ, ಮನೆಮನೆಯ ಕೂಲಿ, ಸಾಲ, ಫಸಲು, ಊಟದ ಖರ್ಚನ್ನೆಲ್ಲ ವರ್ಷಗಟ್ಟಲೆ ಬರೆದಿಡಲು ಶುರುಮಾಡಿತು. ಆಳಂದ, ಅಫಜಲಪುರಗಳಿಗೆ ಗಡಿ ಹಂಚಿಕೊಂಡ ಸೊಲ್ಲಾಪುರ ಜಿಲ್ಲೆಯ ಶಿರಾಪುರ ಆ ಹಳ್ಳಿಗಳಲ್ಲೊಂದು. ಒಂದು ಮನೆಯ ಬೆಳೆ ಕೈಕೊಟ್ಟರೆ ಊರಿನ ಉಳಿದವರು ಕೈಗಡ, ಉದ್ರಿ, ಉಡುಗೊರೆಗಳ ಮೂಲಕ ಎಷ್ಟರಮಟ್ಟಿಗೆ ಆಸರೆಯಾಗುತ್ತಾರೆ ಎಂಬುದನ್ನು ರಾಬರ್ಟ್ ಟೌನ್‌ಸೆಂಡ್ ಈ ಲೆಕ್ಕಗಳಿಂದಲೇ ತೆಗೆದು 1994ರಲ್ಲಿ ಪ್ರಕಟಿಸಿದರು. ಬರ ಬಂದಾಗ ರೈತ ಎತ್ತು ಮಾರಿ ಹೊಟ್ಟೆ ಹೊರೆಯುತ್ತಾನೆ, ಆಮೇಲೆ ಉಳುಮೆಗೆ ಎತ್ತಿಲ್ಲದೆ ಇನ್ನಷ್ಟು ಸೋಲುತ್ತಾನೆ ಎಂಬುದನ್ನು ಅದೇ ಅಂಕಿಗಳಿಂದ ರೋಸೆನ್‌ಜ್ವೈಗ್ ಮತ್ತು ವೋಲ್ಪಿನ್ 1993ರಲ್ಲಿ ತೋರಿಸಿದರು. ಅಮೆರಿಕದಲ್ಲಿ ಅಭಿವೃದ್ಧಿ ಅರ್ಥಶಾಸ್ತ್ರದ ಪಿಎಚ್‌.ಡಿ. ಮಾಡುವವರು ಈ ಲೇಖನಗಳನ್ನು ದಾಟಿಯೇ ಮುಂದೆ ಹೋಗುತ್ತಾರೆ. ಎತ್ತಿನ ಮಾತು ಅಂದೋಲಾದ ಮುದುಕರಿಗೆ ಹೊಸದೇನಲ್ಲ. ಅವರಿಗೆ ಗೊತ್ತಿದ್ದದ್ದನ್ನು ಲೆಕ್ಕದಲ್ಲಿ ಹೇಳುವ ವಿದ್ಯೆ ಅವರ ಮೊಮ್ಮಕ್ಕಳ ಕಾಲೇಜಿಗೆ ಬಂದಿಲ್ಲ, ಅಷ್ಟೆ.

ಕಲಬುರಗಿ ಜಿಲ್ಲೆಯೊಳಗೇ ಇಂಥ ಕೆಲಸ ನಡೆದಿದೆ. ಫೌಂಡೇಷನ್ ಫಾರ್ ಅಗ್ರೇರಿಯನ್ ಸ್ಟಡೀಸ್ 2009ರಲ್ಲಿ ರಾಜ್ಯದ ಮೂರು ಹಳ್ಳಿಗಳ ಮನೆಮನೆ ಸಮೀಕ್ಷೆ ಮಾಡಿತು: ಮಂಡ್ಯದ ಆಲಬುಜನಹಳ್ಳಿ, ಕೋಲಾರದ ಸಿರೇಸಂದ್ರ, ಕಲಬುರಗಿಯ ಝಾಪುರ. ಮಧುರಾ ಸ್ವಾಮಿನಾಥನ್ ಮತ್ತು ಅರಿಂದಮ್ ದಾಸ್ ಸಂಪಾದಿಸಿದ ಅದರ ಪುಸ್ತಕ 2017ರಲ್ಲಿ ಬಂತು. ಕಾವೇರಿ ನೀರಾವರಿಯ ಊರನ್ನೂ ಮಳೆ ನಂಬಿದ ಊರನ್ನೂ ಅಕ್ಕಪಕ್ಕ ಇಟ್ಟು ನೋಡಲು ಅದಕ್ಕಿಂತ ಒಳ್ಳೆಯ ಪಠ್ಯ ಸಿಗುವುದು ಕಷ್ಟ.

ಅಳೆಯುವವರಿಗಂತೂ ಈ ಸೀಮೆ ಹೊಸದಲ್ಲ. ಅಂದೋಲಾ ಎಂಬ ಹೆಸರಿನಲ್ಲೇ ತಾಲೂಕೊಂದು ಇದ್ದ ನಿಜಾಮರ ಕಾಲದಲ್ಲಿ, 1929-30ರಷ್ಟು ಹಿಂದೆಯೇ, ಎಸ್‌. ಕೇಶವ ಅಯ್ಯಂಗಾರ್ ಹೈದರಾಬಾದ್ ಸಂಸ್ಥಾನದ ಹಳ್ಳಿಗಳ ಆರ್ಥಿಕ ತನಿಖೆ ನಡೆಸಿದ್ದರು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯ ಅರ್ಥಶಾಸ್ತ್ರವನ್ನು ಉರ್ದುವಿನಲ್ಲಿ ಕಲಿಸುತ್ತಿತ್ತು; ಪಠ್ಯಗಳ ಅನುವಾದಕ್ಕೆಂದೇ ಒಂದು ಸರ್ಕಾರಿ ವಿಭಾಗವಿತ್ತು. ಇಲ್ಲಿನ ಬಹುಪಾಲು ಜನರ ಮಾತು ಉರ್ದುವಲ್ಲ ಎಂಬುದು ಬೇರೆ ಪ್ರಶ್ನೆ. ಇಂಗ್ಲಿಷಿನ ಹೊರಗೂ ಈ ಶಾಸ್ತ್ರವನ್ನು ಉನ್ನತ ಮಟ್ಟದಲ್ಲಿ ಕಲಿಸಬಹುದೆಂಬ ಧೈರ್ಯವಂತೂ ಆಗಲೇ ಇತ್ತು.

1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಕಲಬುರಗಿಯಲ್ಲಿ 1970ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ, 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯ ಬಂದವು. ಬರಪೀಡಿತ ಜಿಲ್ಲೆಗಳ ಬದುಕನ್ನು ಅಧ್ಯಯನ ಮಾಡಿದ ಎಂ.ವಿ. ನಾಡಕರ್ಣಿ ಇದೇ ಗುಲಬರ್ಗಾ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಅವರು ಬಂದದ್ದು ಬೆಂಗಳೂರಿನ ಐಸೆಕ್‌ನಿಂದ, ಅಂದರೆ ವಿ.ಕೆ.ಆರ್‌.ವಿ. ರಾವ್ 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಿಂದ. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದ ರಾವ್ ಬಳ್ಳಾರಿಯ ಲೋಕಸಭಾ ಸದಸ್ಯರೂ ಆಗಿದ್ದವರು.

ಆದರೆ ಹಳ್ಳಿಯವರ ಬಾಯಲ್ಲೂ ಹೆಸರು ಉಳಿದ ಅರ್ಥಶಾಸ್ತ್ರಜ್ಞರೆಂದರೆ ಡಿ.ಎಂ. ನಂಜುಂಡಪ್ಪ. 2002ರಲ್ಲಿ ಅವರ ಸಮಿತಿ 35 ಸೂಚಕಗಳಿಂದ ರಾಜ್ಯದ 175 ತಾಲೂಕುಗಳನ್ನು ತೂಗಿ, 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದಿತು. ಆ 39ರಲ್ಲಿ 21 ಕಲಬುರಗಿ ವಿಭಾಗದವು. ಜೇವರ್ಗಿ, ಆಳಂದ, ಅಫಜಲಪುರ ಮೂರೂ ಪಟ್ಟಿಯಲ್ಲಿದ್ದವು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿಗಾಗಿ ನಡೆದ ಹೋರಾಟದ ವೇದಿಕೆಗಳಲ್ಲಿ ಈ ವರದಿಯ ಅಂಕಿಗಳು ಮತ್ತೆ ಮತ್ತೆ ಮೊಳಗಿದವು. ಸೂಚ್ಯಂಕವೊಂದು ಬೀದಿಗಿಳಿದು ಘೋಷಣೆಯಾದದ್ದು ಅರ್ಥಶಾಸ್ತ್ರದ ಇತಿಹಾಸದಲ್ಲಿ ದಿನಾ ನಡೆಯುವ ಸಂಗತಿಯಲ್ಲ.

ಇಷ್ಟೆಲ್ಲ ಇದ್ದೂ ಇಲ್ಲಿನ ಅರ್ಥಶಾಸ್ತ್ರದ ತರಗತಿ ಏಕೆ ಸೊರಗಿದೆ? ಒಂದು ಕಾರಣ ಗಣಿತ. ಕಲಾ ವಿಭಾಗಕ್ಕೆ ಹೋಗುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಎಸ್ಸೆಸ್ಸೆಲ್ಸಿಗೇ ಗಣಿತಕ್ಕೆ ಕೈಮುಗಿಯುತ್ತಾರೆ. ಪಿಯುಸಿಯಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳ ಜೊತೆಗೆ ಅರ್ಥಶಾಸ್ತ್ರ ಓದಿ, ಬಿ.ಎ. ಮುಗಿಸಿ, ಎಂ.ಎ.ಗೆ ಬಂದಾಗ ಕಲನಶಾಸ್ತ್ರ, ಸಂಖ್ಯಾಶಾಸ್ತ್ರ, ಎಕನಾಮೆಟ್ರಿಕ್ಸ್ ಒಟ್ಟಿಗೆ ಎದುರಾಗುತ್ತವೆ. ತಪ್ಪು ಅವರದಲ್ಲ, ಆ ಏಣಿಗೆ ನಡುವಿನ ಮೆಟ್ಟಿಲುಗಳನ್ನೇ ಇಟ್ಟಿಲ್ಲ.

ಇನ್ನೊಂದು ಕಾರಣ ಮೇಷ್ಟ್ರದು. ರಾಜ್ಯದ ನಾಲ್ಕುನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಹತ್ತು ಸಾವಿರಕ್ಕೂ ಮೀರಿದ ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಡೆಯುತ್ತಿವೆ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂಬ ಆತಂಕದಲ್ಲಿರುವವರು ಹಳ್ಳಿ ಸಮೀಕ್ಷೆಗೆ ಹುಡುಗರನ್ನು ಕರೆದೊಯ್ಯಲಿ ಎಂದು ಬಯಸುವುದೇ ಹೆಚ್ಚಾಯಿತು. ಪಠ್ಯಕ್ರಮವೂ ಸ್ಥಿರವಾಗಿ ನಿಂತಿಲ್ಲ. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು.

ಸಂಶೋಧನೆಯ ಕಡೆ ನೋಡಿದರೆ, ‘ಶೋಧಗಂಗಾ’ ಜಾಲಭಂಡಾರದಲ್ಲಿ ಪ್ರಬಂಧಗಳಿಗೆ ಬರವಿಲ್ಲ. ಶೀರ್ಷಿಕೆಗಳು ಮಾತ್ರ ಒಂದೇ ಅಚ್ಚಿನವು: ಯಾವುದೋ ಒಂದು ಯೋಜನೆ, ಯಾವುದೋ ಒಂದು ಜಿಲ್ಲೆ, ಕೊನೆಗೆ ‘ಒಂದು ಅಧ್ಯಯನ’. ಶೇಕಡಾವಾರು ಕೋಷ್ಟಕಗಳ ಆಚೆ, ಹೀಗೇಕಾಯಿತು ಎಂದು ಕೆದಕುವ ಪ್ರಬಂಧ ಕೈಗೆ ಸಿಕ್ಕರೆ ಓದುಗನ ಅದೃಷ್ಟ.

ಕಲಿಸುವ ಬಗೆಯ ಮೇಲಿನ ಅಸಮಾಧಾನ ಕಲಬುರಗಿಯೊಂದರದ್ದೇ ಅಲ್ಲ. 2011ರಲ್ಲಿ ಹಾರ್ವರ್ಡ್ ವಿದ್ಯಾರ್ಥಿಗಳು ಗ್ರೆಗರಿ ಮ್ಯಾನ್ಕಿವ್ ಅವರ ಅರ್ಥಶಾಸ್ತ್ರ ತರಗತಿಯಿಂದ ಎದ್ದು ನಡೆದರು. 2008ರ ಹಣಕಾಸು ಬಿಕ್ಕಟ್ಟಿನ ನಂತರವೂ ಪಾಠ ಬದಲಾಗಿಲ್ಲವೆಂದು ಮ್ಯಾಂಚೆಸ್ಟರ್‌ನ ವಿದ್ಯಾರ್ಥಿಗಳು ಸಂಘ ಕಟ್ಟಿದರು. ನಿಜವಾದ ಸಮಸ್ಯೆಯಿಂದ ಶುರುಮಾಡಿ ಆಮೇಲೆ ಸಿದ್ಧಾಂತಕ್ಕೆ ಬರುವ ‘ಕೋರ್’ ಎಂಬ ಉಚಿತ ಪಠ್ಯ ಆ ಹೊತ್ತಿನಲ್ಲೇ ರೂಪುಗೊಂಡಿತು. ಅದರಲ್ಲಿ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಅಧ್ಯಾಪಕರ ಕೈಯೂ ಇದೆ. ಅದೇ ಬೆಂಗಳೂರಿನಲ್ಲಿ 2017ರಿಂದ ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ನಡೆಯುತ್ತಿದೆ. ಒಳ್ಳೆಯದೆಲ್ಲ ರಾಜಧಾನಿಗೇ ಎಂದು ಈ ಕಡೆಯವರು ಅಂದರೆ ಅದನ್ನು ಬರೀ ಹೊಟ್ಟೆಕಿಚ್ಚು ಎನ್ನಲಾಗದು.

ಆಳಂದ ತಾಲೂಕಿಗೂ ಒಂದು ಪಾಲು ಬಂದಿದೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಕಡಗಂಚಿಯಲ್ಲಿ, ಸುತ್ತ ತೊಗರಿ ಹೊಲಗಳ ನಡುವೆ. ಅಲ್ಲಿ ಅರ್ಥಶಾಸ್ತ್ರ ವಿಭಾಗವೂ ಇದೆ. ಆದರೆ ಎಂ.ಎ. ಸೇರಲು ದೇಶಕ್ಕೆಲ್ಲ ಒಂದೇ ಪ್ರವೇಶ ಪರೀಕ್ಷೆ; ಅದರ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಅಧ್ಯಾಪಕರಾಗಲು ಬಯಸುವವರು ಬರೆಯುವ ಯುಜಿಸಿ ನೆಟ್‌ ಕೂಡ ಹಾಗೇ. ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಗಂತೂ ಇಂಗ್ಲಿಷಿನಲ್ಲೇ ಉತ್ತರ ಬರೆಯಬೇಕು. ಪದವಿಯವರೆಗೆ ಕನ್ನಡದಲ್ಲಿ ಓದಿದ ಜೇವರ್ಗಿಯ ಹುಡುಗಿ ಮೂರೂ ಕಡೆ ಮೊದಲು ಭಾಷೆಯ ತೆರಿಗೆ ಕಟ್ಟಿ ಆಮೇಲೆ ವಿಷಯಕ್ಕೆ ಬರಬೇಕು.

ಕನ್ನಡದಲ್ಲಿ ಬರೆಯುವವರು ಇಲ್ಲವೆಂದಲ್ಲ. ಹಂಪಿ ಕನ್ನಡ ವಿಶ್ವವಿದ್ಯಾಲಯದ ಅಭಿವೃದ್ಧಿ ಅಧ್ಯಯನ ವಿಭಾಗದಲ್ಲಿದ್ದ ಟಿ.ಆರ್‌. ಚಂದ್ರಶೇಖರ ಮಾನವ ಅಭಿವೃದ್ಧಿ, ಪ್ರಾದೇಶಿಕ ಅಸಮಾನತೆ, ದುಡಿಯುವ ಹೆಂಗಸರ ಲೆಕ್ಕಕ್ಕೆ ಬಾರದ ಶ್ರಮದ ಬಗ್ಗೆ ಕನ್ನಡದಲ್ಲೇ ದಶಕಗಳಿಂದ ಬರೆದಿದ್ದಾರೆ. ಅಂಥವರ ಸಂಖ್ಯೆ ಬೆರಳೆಣಿಕೆಯನ್ನು ದಾಟದಿರುವುದೇ ತೊಂದರೆ. ಈ ನಡುವೆ 2024ರಲ್ಲಿ ರಾಜ್ಯ ಸರ್ಕಾರ ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲು, ಹಿಂದೆ ಐಸೆಕ್ ನಿರ್ದೇಶಕರಾಗಿದ್ದ ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ನೇಮಿಸಿತು. ನಂಜುಂಡಪ್ಪ ವರದಿಯ ಎರಡು ದಶಕಗಳ ನಂತರ ಜೇವರ್ಗಿ, ಆಳಂದ, ಅಫಜಲಪುರಗಳು ಮತ್ತೊಮ್ಮೆ ತಕ್ಕಡಿಗೆ ಏರಿವೆ.