ಅಜ್ಜಿಯನ್ನು ಎತ್ತುವ ಲೆಕ್ಕ

ಹಾಸಿಗೆ ಹಿಡಿದ ಅಜ್ಜಿಯನ್ನು ಎತ್ತಿ ಕೂರಿಸುವುದನ್ನು ನೀವು ನೋಡಿರಬಹುದು. ವೃದ್ಧಾಶ್ರಮದ ಆರೈಕೆದಾರರು ಇದನ್ನು ದಿನಕ್ಕೆ ಹಲವು ಸಲ ಮಾಡ್ತಾರೆ. ಅವರಿಗೆ ಬೆನ್ನುನೋವು ತೀರಾ ಸಾಮಾನ್ಯ. ಕಾರಣ ನಿಮ್ಮ ಪಾಠದಲ್ಲೇ ಇದೆ: ಸನ್ನೆ.

ಬಗ್ಗಿ ಭಾರ ಎತ್ತುವಾಗ ಬೆನ್ನುಮೂಳೆಯ ಕೆಳಭಾಗವೇ ಆಧಾರಬಿಂದು. ಬೆನ್ನಿನ ಸ್ನಾಯು ಅದರಿಂದ ಸುಮಾರು 5 ಸೆಂ.ಮೀ. ಹಿಂದಿದೆ. ಭಾರ 40 ಸೆಂ.ಮೀ. ಮುಂದಿದ್ದರೆ? ಎಂಟು ಪಟ್ಟು ಬಲ! 20 ಕೆ.ಜಿ. ಎತ್ತಲು ಸ್ನಾಯು 160 ಕೆ.ಜಿ. ಭಾರದಷ್ಟು ಎಳೆಯಬೇಕು. ನಮ್ಮದೇ ಮೈಭಾರ ಬೇರೆ. ಭಾರವನ್ನು 20 ಸೆಂ.ಮೀ.ಗೆ ತಂದರೆ ಆ 160 ಅರ್ಧಕ್ಕಿಳಿಯುತ್ತದೆ.

ಅದಕ್ಕೇ ಆರೈಕೆದಾರರ ತರಬೇತಿಯಲ್ಲಿ ಹೇಳಿಕೊಡ್ತಾರೆ: ಮಂಚವನ್ನು ಸೊಂಟದ ಮಟ್ಟಕ್ಕೆ ಏರಿಸಿ, ಹತ್ತಿರ ನಿಲ್ಲಿ, ಸೊಂಟ ತಿರುಚದೆ ಪಾದ ತಿರುಗಿಸಿ. ಮಂಚದ ಮೇಲೇ ಸರಿಸುವುದಾದರೆ ಎತ್ತಲೇಬೇಡಿ. ಅಡಿಗೆ ನುಣುಪಾದ ಜಾರುಬಟ್ಟೆ ಹಾಕಿ ಎಳೆಯಿರಿ, ಘರ್ಷಣೆ ಕಡಿಮೆ.

ಆದರೆ ಬರೀ ತರಬೇತಿ ಸಾಲದು. ಎಲ್ಲ ಅನುಕೂಲವಿದ್ದಾಗಲೂ ಒಬ್ಬರ ಪಾಲಿಗೆ ರೋಗಿಯ ಭಾರ ಸುಮಾರು 16 ಕೆ.ಜಿ. ಮೀರಬಾರದು ಎನ್ನುತ್ತದೆ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಷ್. ಅಜ್ಜಿ 45 ಕೆ.ಜಿ. ಇದ್ದಾರೆ ಅಂದ್ಕೊಳ್ಳಿ. ಪೂರ್ತಿ ಎತ್ತಲು ಇಬ್ಬರಾದರೆ ತಲಾ 22.5. ಅಂದರೆ ಮೂವರು ಬೇಕು, ಇಲ್ಲವೇ ಎತ್ತುವ ಯಂತ್ರ. ಎಷ್ಟೋ ಕಡೆ ರಾತ್ರಿ ಪಾಳಿಯಲ್ಲಿ ಇರೋದು ಒಬ್ಬರೇ!